ನೋಡುತ್ತ ಕೂತ ವೈದ್ಯ

ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿ 1891ರ ಒಂದು ತೈಲಚಿತ್ರವಿದೆ. ಬಡವರ ಮನೆಯೊಂದರಲ್ಲಿ, ಒಂದಕ್ಕೊಂದು ಜೊತೆಯಲ್ಲದ ಎರಡು ಕುರ್ಚಿಗಳನ್ನು ಕೂಡಿಸಿ ಅದರ ಮೇಲೆ ಕಾಯಿಲೆಯ ಮಗುವನ್ನು ಮಲಗಿಸಿದ್ದಾರೆ. ಹಿಂದಿನ ಮಬ್ಬಿನಲ್ಲಿ ತಾಯಿ ಮೇಜಿಗೆ ತಲೆಯಾನಿಸಿದ್ದಾಳೆ. ತಂದೆ ಅವಳ ಭುಜದ ಮೇಲೆ ಕೈಯಿಟ್ಟು ನಿಂತಿದ್ದಾನೆ. ಕಿಟಕಿಯಲ್ಲಿ ಬೆಳಗಾಗುತ್ತಿದೆ. ವೈದ್ಯನು ಗದ್ದಕ್ಕೆ ಕೈಕೊಟ್ಟು, ಮುಂದಕ್ಕೆ ಬಾಗಿ, ಮಗುವನ್ನೇ ನೋಡುತ್ತ ಕೂತಿದ್ದಾನೆ. ಕೊಡಬಹುದಾದ ಔಷಧವನ್ನು ಕೊಟ್ಟಾಗಿದೆ ಎಂಬುದಕ್ಕೆ ಮೇಜಿನ ಮೇಲಿರುವ ಸೀಸೆಯೇ ಸಾಕ್ಷಿ. ಚಿತ್ರವನ್ನು ಬರೆದ ಲ್ಯೂಕ್ ಫಿಲ್ಡ್ಸ್ 1877ರಲ್ಲಿ ತನ್ನ ಮೊದಲ ಮಗನನ್ನು ಕಳೆದುಕೊಂಡವನು. ಆದರೂ ಅವನು ಬರೆದದ್ದು ಸಾವನ್ನಲ್ಲ, ಒಬ್ಬ ವೈದ್ಯನು ನೋಡುತ್ತ ಕೂತಿರುವುದನ್ನು.

ಹೀಗೆ ನೋಡುತ್ತ ಕೂರುವುದನ್ನು ಕಲಿಸಲು ಸಾಧ್ಯವೇ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮರೋಗ ತಜ್ಞ ಅರ್ವಿನ್ ಬ್ರೇವರ್‌ಮನ್ ಮತ್ತು ಅಲ್ಲಿನ ಕಲಾ ಸಂಗ್ರಹಾಲಯದ ಲಿಂಡಾ ಫ್ರೀಡ್‌ಲೆಂಡರ್ ಈ ಪ್ರಶ್ನೆಯನ್ನು ಪರೀಕ್ಷೆಗೇ ಒಡ್ಡಿದರು. ವೈದ್ಯ ವಿದ್ಯಾರ್ಥಿಗಳನ್ನು ಸಂಗ್ರಹಾಲಯಕ್ಕೆ ಕರೆದೊಯ್ದು, ಒಬ್ಬೊಬ್ಬರನ್ನೂ ಒಂದೊಂದು ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿಸಿದರು. ಆಮೇಲೆ ಕಂಡದ್ದನ್ನು ಮಾತ್ರ ಹೇಳಬೇಕು, ಅರ್ಥವನ್ನು ಈಗಲೇ ಹೇಳಕೂಡದು ಎಂಬ ನಿಯಮವಿಟ್ಟರು. ಮುಖ ಬಾಡಿದೆ ಎಂದರೆ ಸಾಲದು. ತುಟಿಯ ಅಂಚು ಇಳಿದಿದೆಯೇ, ರೆಪ್ಪೆ ಭಾರವಾಗಿದೆಯೇ, ಬಣ್ಣ ಯಾವುದು ಎಂದು ಬಿಡಿಸಿ ಹೇಳಬೇಕು. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ತರಬೇತಿ ಪಡೆದವರು ರೋಗಿಗಳ ಛಾಯಾಚಿತ್ರಗಳಲ್ಲಿಯೂ ಉಳಿದವರಿಗಿಂತ ಹೆಚ್ಚು ಲಕ್ಷಣಗಳನ್ನು ಗುರುತಿಸಿದರು. ಹೆಚ್ಚು ಲಕ್ಷಣ ಕಂಡವನಿಗೆ ಹೆಚ್ಚು ಕರುಣೆಯಿರುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ಎದುರಿಗಿರುವವರನ್ನು ಸರಿಯಾಗಿ ನೋಡದೆ ಹುಟ್ಟುವ ಕರುಣೆ ಎಂಥದ್ದು ಎಂಬುದು ನನ್ನ ಅನುಮಾನ.

ನೋಡುವ ಮಾತು ಹಾಗಿರಲಿ, ಕೇಳುವ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಕಷ್ಟದ್ದು. 1984ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ರೋಗಿ ತನ್ನ ತೊಂದರೆಯನ್ನು ಹೇಳಲು ಶುರು ಮಾಡಿದ ಮೇಲೆ ವೈದ್ಯರು ಸರಾಸರಿ 18 ಸೆಕೆಂಡುಗಳಲ್ಲಿ ಮಾತು ತಡೆಯುತ್ತಿದ್ದರೆಂದು ತಿಳಿದುಬಂತು. ವೈದ್ಯರು ಹುಟ್ಟಿನಿಂದಲೇ ಹಾಗಿರುತ್ತಾರೆ ಎನ್ನುವಂತಿಲ್ಲ. ಫಿಲಡೆಲ್ಫಿಯಾದ ಮೊಹಮ್ಮದರೇಜಾ ಹೋಜತ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಸಹಾನುಭೂತಿಯನ್ನು ವರ್ಷವರ್ಷವೂ ಅಳೆದು 2009ರಲ್ಲಿ ವರದಿ ಮಾಡಿದಾಗ, ಅದು ಎದ್ದು ಕಾಣುವಂತೆ ಕುಸಿದದ್ದು ಮೂರನೆಯ ವರ್ಷದಲ್ಲಿ. ಅಲ್ಲಿ ವಿದ್ಯಾರ್ಥಿಗಳು ಪುಸ್ತಕ ಬಿಟ್ಟು ವಾರ್ಡಿಗೆ ಕಾಲಿಡುವುದು, ಅಂದರೆ ನಿಜವಾದ ರೋಗಿಯ ಮುಂದೆ ನಿಲ್ಲುವುದು, ಆ ವರ್ಷವೇ.

ಈ ಕುಸಿತದ ಒಂದು ಕಾರಣದ ಸುಳಿವು ಮೆದುಳಿನ ವಿಜ್ಞಾನದಲ್ಲಿ ಸಿಗುತ್ತದೆ. ಟಾನಿಯಾ ಸಿಂಗರ್ 2004ರಲ್ಲಿ 16 ಮಹಿಳೆಯರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಒಮ್ಮೆ ಅವರ ಕೈಗೆ, ಇನ್ನೊಮ್ಮೆ ಪಕ್ಕದಲ್ಲಿದ್ದ ಅವರ ಸಂಗಾತಿಯ ಕೈಗೆ ಸಣ್ಣ ವಿದ್ಯುತ್ ಆಘಾತ ಕೊಡಿಸಿದಾಗ, ನೋವಿನ ಸಂಕಟಕ್ಕೆ ಸಂಬಂಧಿಸಿದ ಮೆದುಳಿನ ಕೆಲವು ಭಾಗಗಳು ಎರಡೂ ಸಲ ಜಾಗೃತವಾದವು. ಮತ್ತೊಬ್ಬರ ನೋವು ನಮ್ಮದೂ ಆಗುವುದು ಬರೀ ಮಾತಲ್ಲ. ಆದರೆ ದಿನಕ್ಕೆ ಐವತ್ತು ಜನರ ನೋವನ್ನು ಹೀಗೆ ಮೈಮೇಲೆ ಎಳೆದುಕೊಂಡವನು ಒಂದೋ ಕುಸಿಯುತ್ತಾನೆ, ಇಲ್ಲವೇ ಕಲ್ಲಾಗುತ್ತಾನೆ. ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಮುಂದೆ ನಡೆಸಿದ ಪ್ರಯೋಗಗಳಲ್ಲಿ, ಪರರ ನೋವನ್ನು ಹಾಗೆಯೇ ಅನುಭವಿಸುವ ತರಬೇತಿ ಜನರ ದುಗುಡವನ್ನು ಹೆಚ್ಚಿಸಿತು. ಅವರ ಒಳಿತನ್ನು ಬಯಸುವ ಕರುಣೆಯ ತರಬೇತಿ ಆ ದುಗುಡವನ್ನು ಇಳಿಸಿ, ಮೆದುಳಿನ ಬೇರೆಯದೇ ಜಾಲವನ್ನು ಚುರುಕುಗೊಳಿಸಿತು. ನಮ್ಮ ರಸಸಿದ್ಧಾಂತದ ಪರಿಚಯವಿರುವವರಿಗೆ ಇದು ತೀರಾ ಹೊಸದೆನಿಸಲಾರದು. ಶೋಕ ಬೇರೆ, ಕಲೆಯಲ್ಲಿ ಅದರಿಂದ ಹುಟ್ಟುವ ಕರುಣರಸ ಬೇರೆ. ರಂಗದ ಮೇಲಿನ ದುಃಖ ತನ್ನದೂ ಅಲ್ಲ, ತೀರಾ ಪರರದೂ ಅಲ್ಲ ಎಂಬ ಸ್ಥಿತಿಯನ್ನು ಪ್ರಾಚೀನ ಕಾವ್ಯಮೀಮಾಂಸಕ ಭಟ್ಟನಾಯಕ ಸಾಧಾರಣೀಕರಣವೆಂದು ಕರೆದ. ಕಾವ್ಯಮೀಮಾಂಸಕರು ಸ್ಕ್ಯಾನರನ್ನು ಮುಂಗಂಡಿದ್ದರೆಂದು ನಾನು ಹೇಳುತ್ತಿಲ್ಲ. ಅಂಥ ಹೆಮ್ಮೆ ನಮ್ಮಲ್ಲಿ ಬೇಕಾದಷ್ಟಿದೆ. ಮುಳುಗದೆ, ಮುಖವನ್ನೂ ತಿರುಗಿಸದೆ ನೋವಿನ ಮುಂದೆ ನಿಲ್ಲುವ ದೂರವೊಂದಿದೆ, ಅದು ಅಭ್ಯಾಸದಿಂದ ಬರುತ್ತದೆ, ಕಲೆ ಅದಕ್ಕೊಂದು ಗರಡಿಮನೆಯಾಗಬಲ್ಲದು ಎಂಬಷ್ಟೇ ನನ್ನ ಮಾತು.

ಭಾರತದಲ್ಲಿ ಈ ಗರಡಿ ಹೆಚ್ಚಾಗಿ ನಾಟಕದ ರೂಪದಲ್ಲಿ ಬಂದಿದೆ. ಬ್ರೆಜಿಲ್ಲಿನ ಅಗಸ್ಟೋ ಬೋಲ್ ರೂಪಿಸಿದ 'ದಮನಿತರ ರಂಗಭೂಮಿ'ಯನ್ನು ದೆಹಲಿಯ ಯೂನಿವರ್ಸಿಟಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ನ ವೈದ್ಯಕೀಯ ಮಾನವಿಕ ಬಳಗವು (ಸಾಹಿತ್ಯ, ಕಲೆಗಳನ್ನು ವೈದ್ಯ ಶಿಕ್ಷಣದೊಳಕ್ಕೆ ತರುವ ಗುಂಪು) ಬೆಂಗಳೂರಿನ ರಾಧಾ ರಾಮಸ್ವಾಮಿಯವರ ನೆರವಿನಿಂದ ತನ್ನ ವಿದ್ಯಾರ್ಥಿಗಳಿಗೆ ಪರಿಚಯಿಸಿತು. ಇದರಲ್ಲಿ ನಟರು ಆಡಿತೋರಿಸುವುದು ಬಗೆಹರಿಯದ ಒಂದು ದೃಶ್ಯವನ್ನು. ಬೆಳಗಿನ ರೌಂಡ್ಸ್ ಎಂದಿಟ್ಟುಕೊಳ್ಳಿ: ಪ್ರಾಧ್ಯಾಪಕರು "ಹನ್ನೆರಡನೇ ಬೆಡ್ಡು" ಎನ್ನುತ್ತಾರೆ, ಪರದೆ ಎಳೆಯದೆ ಹೊದಿಕೆ ಸರಿಸಲಾಗುತ್ತದೆ, ಹತ್ತು ಹದಿನೈದು ವಿದ್ಯಾರ್ಥಿಗಳು ಸುತ್ತುವರಿದು ಇಂಗ್ಲಿಷಿನಲ್ಲಿ ಚರ್ಚಿಸುತ್ತಾರೆ, ರೋಗಿ ಸೆರಗು ಎಳೆದುಕೊಂಡು ಚಾವಣಿ ನೋಡುತ್ತಾಳೆ. ದೃಶ್ಯ ಮತ್ತೆ ಮೊದಲಿನಿಂದ ಶುರುವಾದಾಗ ಪ್ರೇಕ್ಷಕರಲ್ಲಿ ಯಾರಾದರೂ "ನಿಲ್ಲಿಸಿ" ಎನ್ನಬಹುದು, ಎದ್ದುಬಂದು ಒಂದು ಪಾತ್ರದ ಜಾಗದಲ್ಲಿ ತಾವೇ ನಿಂತು ಬೇರೆ ರೀತಿ ನಡೆದುಕೊಂಡು ನೋಡಬಹುದು. ಕಿರಿಯ ವಿದ್ಯಾರ್ಥಿಯಾಗಿ ಪರದೆ ಎಳೆಯಲು ಹೊರಟವನಿಗೆ, ಪ್ರಾಧ್ಯಾಪಕರ ಎದುರು ಆ ಒಂದು ಹೆಜ್ಜೆ ಎಷ್ಟು ಭಾರವೆಂಬುದು ಆಗ ಗೊತ್ತಾಗುತ್ತದೆ. ಉಪನ್ಯಾಸದಲ್ಲಿ ಇದು ಸಿಗುವಂಥದ್ದಲ್ಲ, ಏಕೆಂದರೆ ಅಡ್ಡಿಯಿರುವುದು ತಿಳಿವಳಿಕೆಯಲ್ಲಲ್ಲ, ಭಯದಲ್ಲಿ.

2019ರಿಂದ ದೇಶದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಧೋರಣೆ, ನೀತಿ ಮತ್ತು ಸಂವಹನಕ್ಕೆ 'ಏಟ್‌ಕಾಮ್' ಎಂಬ ಪ್ರತ್ಯೇಕ ಪಾಠಭಾಗವೇ ಇದೆ. ಒಳ್ಳೆಯದೇ. ಲಾಗ್‌ಬುಕ್ಕಿಗೆ ಸಹಿ ಬಿದ್ದರೆ ಕರುಣೆ ಬಂದಂತೆ ಎಂದಾಗದಿದ್ದರೆ ಸಾಕು. ಈ ಕ್ಷೇತ್ರದ ಅಧ್ಯಯನಗಳು ಬಹುಪಾಲು ಚಿಕ್ಕವು, ವಿದ್ಯಾರ್ಥಿಗಳೇ ತಮ್ಮ ಬಗ್ಗೆ ಕೊಟ್ಟುಕೊಂಡ ಅಂಕಗಳನ್ನು ನೆಚ್ಚಿದವು. ಆ ತರಬೇತಿಯಿಂದ ರೋಗಿಗೆ ಏನಾಯಿತೆಂದು ಕೇಳಿದವು ಕಡಿಮೆ. ಕಲೆಯೂ ತಾನಾಗಿ ಒಳ್ಳೆಯದರ ಪಕ್ಷದಲ್ಲಿರುವುದಿಲ್ಲ: ಫಿಲ್ಡ್ಸ್‌ನ ಅದೇ ಚಿತ್ರವನ್ನು 1949ರಲ್ಲಿ ಅಮೆರಿಕದ ವೈದ್ಯರ ಸಂಘ ಸರ್ಕಾರಿ ಆರೋಗ್ಯ ವಿಮೆಯ ವಿರುದ್ಧದ ಪ್ರಚಾರಕ್ಕೆ ಬಳಸಿಕೊಂಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಸಮಯ ಬೇಕು. 67 ದೇಶಗಳ ಮಾಹಿತಿಯನ್ನು ಕಲೆಹಾಕಿದ 2017ರ ವಿಮರ್ಶೆಯಲ್ಲಿ ವೈದ್ಯರ ಭೇಟಿಯ ಸರಾಸರಿ ಅವಧಿ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮ ಸರ್ಕಾರಿ ಆಸ್ಪತ್ರೆಯ ಸೋಮವಾರದ ಓಪಿಡಿಯನ್ನು ಕಂಡವರಿಗೆ ನಾವು ಯಾವ ತುದಿಗೆ ಹತ್ತಿರವೆಂದು ಹೇಳಬೇಕಾಗಿಲ್ಲ.

ಆದರೂ ಖರ್ಚಿಲ್ಲದೆ ಮಾಡಬಹುದಾದದ್ದು ಒಂದಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯೆ ರೀಟಾ ಶರಾನ್ ತಮ್ಮ ವಿದ್ಯಾರ್ಥಿಗಳಿಂದ, ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಬರೆಯಲಾಗದ್ದನ್ನು ಬೇರೊಂದು ಹಾಳೆಯಲ್ಲಿ, ದಿನಬಳಕೆಯ ಭಾಷೆಯಲ್ಲಿ ಬರೆಸಿ, ಗುಂಪಿನಲ್ಲಿ ಓದಿಸುತ್ತ ಬಂದರು. ಕನ್ನಡ ನಾಡಿನಲ್ಲಿ ಇದರ ಅಗತ್ಯ ಇಮ್ಮಡಿಯಾದದ್ದು. "ಜೀವ ಹಾರಿಹೋದಂಗಾಗ್ತದೆ", "ಹೊಟ್ಟೇಲಿ ಸಂಕಟ", "ಎದೆ ಮೇಲೆ ಕಲ್ಲಿಟ್ಟಂಗೆ" ಎಂದು ರೋಗಿ ಹೇಳಿದ್ದು ಶೀಟಿಗೆ ಬರುವಾಗ ಇಂಗ್ಲಿಷಿನ ಎರಡು ಪದಗಳಾಗಿರುತ್ತದೆ. ಸಂಕಟವೆಂದರೆ ವಾಕರಿಕೆಯೋ, ಉರಿಯೋ, ಮನೆಯ ಚಿಂತೆಯೋ ಎಂಬ ಪ್ರಶ್ನೆ ಅಲ್ಲಿಗೇ ಮುಗಿದಿರುತ್ತದೆ. ಆ ಮಾತನ್ನು ಅವರು ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆದುಕೊಂಡು, ವಾರಕ್ಕೊಮ್ಮೆ ಆರೇಳು ಜನ ಕೂತು ಗಟ್ಟಿಯಾಗಿ ಓದುವುದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಗಂಟೆ, ಮತ್ತು ಓದುವಾಗ ನಡುವೆ ಬಾಯಿ ಹಾಕದ ಒಬ್ಬ ಮೇಷ್ಟ್ರು.