ಎಬಿಎಸ್ ಇದ್ದರೆ ಬ್ರೇಕ್ ಬಿಸಿಯಾಗಲ್ವಾ?

ಹೋದ ಮಳೆಗಾಲ ಮುಗಿದ ಮೇಲೆ ವಿರಾಜಪೇಟೆ ಕಡೆಯ ಒಂದು ತೋಟಕ್ಕೆ ಗಾಡಿ ನೋಡಲು ಹೋಗಿದ್ದೆ. ಶೆಡ್ಡಿನಲ್ಲಿ ಕಾಫಿ ಚೀಲಗಳ ಪಕ್ಕ ತಾತನ ಕಾಲದ ಎಂಜಿಬಿ, ಬ್ರಿಟನ್ನಿನ ಹಳೇ ಪುಟ್ಟ ಸ್ಪೋರ್ಟ್ಸ್ ಕಾರು. ಹೊರಗೆ ಕಣದಲ್ಲಿ ಮೊಮ್ಮಗನ ಹೊಸ ಡೀಸೆಲ್ ಎಸ್‌ಯುವಿ. ಅದರ ಮುಂದಿನ ಚಕ್ರದ ಹತ್ತಿರ ಬಗ್ಗಿದರೆ ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ, ಬ್ರೇಕ್ ಡಿಸ್ಕ್ ಬಿಸಿಗೆ ನೀಲಿಗೆ ತಿರುಗಿತ್ತು. ಹಿಂದಿನ ದಿನ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದಿದ್ದನಂತೆ, ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ.

"ಅಣ್ಣಾ, ತಾತನ ಗಾಡಿಗೆ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಘಾಟಿಗೆ ನನ್ನ ಗಾಡಿನೇ ಸೇಫ್ ಅಲ್ವಾ?"

ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ನನ್ನ ಕಿವಿಗೆ ಬೀಳುತ್ತದೆ. ಗುದ್ದಿದಾಗ ಜೀವ ಉಳಿಸುವ ವಿಷಯಕ್ಕೆ ಬಂದರೆ ಹೌದು, ಹೊಸ ಗಾಡಿನೇ. ಆದರೆ ಎಬಿಎಸ್ ಮಾಡುವ ಕೆಲಸ ಒಂದೇ: ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದ ಹಾಗೆ ನೋಡಿಕೊಳ್ಳುವುದು. ಬ್ರೇಕಿನ ಬಿಸಿ ಇಳಿಸುವ ಕೆಲಸ ಅದರದ್ದಲ್ಲ. ಖಂಡಿತಾ ಅಲ್ಲ. ಬಿಸಿ ಹುಟ್ಟುವುದು ತೂಕದಿಂದ. ಎಂಜಿಬಿ ಒಂದು ಟನ್ನಿಗೂ ಕಮ್ಮಿ, ಈ ಎಸ್‌ಯುವಿ ಜನ, ಲಗೇಜ್ ಸೇರಿ ಎರಡು ಟನ್ ದಾಟುತ್ತದೆ. ಮಡಿಕೇರಿ ಇರುವುದು 1,100 ಮೀಟರಿಗಿಂತ ಎತ್ತರದಲ್ಲಿ. ಅಲ್ಲಿಂದ ಅದೇ ರಸ್ತೆ ಅದೇ ಸ್ಪೀಡಲ್ಲಿ ಇಳಿದರೂ ದೊಡ್ಡ ಗಾಡಿಯಲ್ಲಿ ತಡೆಯಬೇಕಾದ ಶಕ್ತಿ ಎರಡು ಪಟ್ಟು. ಗೇರ್ ತಡೆಯದಿದ್ದರೆ ಬಹುಪಾಲು ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡಿಗೇ ಬೀಳುತ್ತದೆ.

ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ಪೆಟ್ರೋಲ್ ಎಂಜಿಬಿಯಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಗಾಳಿಯ ದಾರಿ ಮುಚ್ಚಿ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಎಳೆದಂತೆ ಹಿಡಿಯುತ್ತದೆ. ಡೀಸೆಲ್‌ನಲ್ಲಿ ಆ ಹಿಡಿತ ಕಮ್ಮಿ, ಆಟೋಮ್ಯಾಟಿಕ್ ಗೇರನ್ನು ಡಿ (ಡ್ರೈವ್) ಯಲ್ಲೇ ಬಿಟ್ಟರಂತೂ ಇನ್ನೂ ಕಮ್ಮಿ. ಮೇಲೆ ಎಂಜಿಬಿಯಲ್ಲಿ ರಸ್ತೆಗೆ ಅಂಟಿಕೊಂಡಂತೆ ಕೂತಿರುತ್ತೀರಿ, 50ರಲ್ಲಿ ಹೋದರೂ 80ರ ಹಾಗೆ ಅನಿಸಿ ಕಾಲು ತಾನಾಗೇ ಹಿಂದೆ ಬರುತ್ತದೆ. ಎಸ್‌ಯುವಿಯಲ್ಲಿ ಎಸಿ, ಹಾಡು, ಎತ್ತರದ ಸೀಟು. ಸ್ಪೀಡು ಗೊತ್ತೇ ಆಗುವುದಿಲ್ಲ.

ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ಗೇರನ್ನು ನಾವೇ ಆರಿಸುವ ಮ್ಯಾನುವಲ್ ಮೋಡ್‌ಗೆ ಹಾಕಿ, ಎರಡು ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಒಂದೊಂದು ಗಾಡಿಯ ಪದ್ಧತಿ ಬೇರೆ, ಜೊತೆಗೆ ಕೊಟ್ಟ ಪುಸ್ತಕ ಒಮ್ಮೆ ನೋಡಿ. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ, ಆಮೇಲೆ ಕಾಲು ತೆಗೆಯಿರಿ, ಸುಮ್ನೆ ಸವರುತ್ತಾ ಇರಬೇಡಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕೊಡಗಿನ ಮಳೆಯಲ್ಲಿ ಕೇಳಬೇಕಾ! ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಸೇರಿದ ಮೇಲೆ ಅದು 155ರವರೆಗೂ ಇಳಿಯಬಹುದು. ಕುದ್ದರೆ ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಹಾಗಂತ ಹಳೇ ಗಾಡಿಯೇ ಮೇಲು ಅಂತ ನಾನು ಹೇಳುತ್ತಿಲ್ಲ. 60ರ ದಶಕದ ಶುರುವಿನ ಎಂಜಿಬಿಗೆ ಬ್ರೇಕ್ ಲೈನ್ ಒಂದೇ, ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಅವನ ಎಸ್‌ಯುವಿಯ ಆಯಿಲ್ ಬಿಚ್ಚಿದಾಗ ಡಿಕಾಕ್ಷನ್ ಬಣ್ಣದಲ್ಲಿ ಬಂತು. ಹುಡುಗ ಸ್ವಲ್ಪ ಹೊತ್ತು ನೋಡಿ, "ಅಣ್ಣಾ, ತಾತನದ್ದೂ ನೋಡಿಬಿಡಿ" ಅಂದ. ಎಂಜಿಬಿಯ ರಬ್ಬರ್ ಹೋಸ್ ಬೆರಳಲ್ಲಿ ಬಗ್ಗಿಸಿದೆ, ಉದ್ದಕ್ಕೂ ಬಿರುಕು. ಹೊಸದು ಹಾಕುವವರೆಗೆ ಅದು ತೋಟದ ಗೇಟು ದಾಟಬಾರದು ಅಂತ ಹೇಳಿ ಬಂದೆ.