ಮೀನಖಂಡದ ನೋವೂ ಕೊಲೆಸ್ಟ್ರಾಲ್ ಮಾತ್ರೆಯೂ

ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡಿದ್ದ, ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ರೈಟರು, ಹಣ್ಣು ಕುಯ್ಲು ಮುಗಿಯುವ ಹೊತ್ತಿಗೆ ಚಿಕ್ಕಮಗಳೂರಿನ ನನ್ನ ಕ್ಲಿನಿಕ್ಕಿಗೆ ಬಂದು, ಅಟೊರ್ವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯ ಅರ್ಧ ಖಾಲಿಯಾದ ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ಇದರಿಂದ ಮೀನಖಂಡ ಹಿಡ್ಕೊಳ್ಳುತ್ತೆ ಡಾಕ್ಟ್ರೇ, ಎರಡು ತಿಂಗಳಿಂದ ನುಂಗಿಲ್ಲ." ನಿಲ್ಲಿಸಿದ ಮೇಲೆ ನೋವು ಹೋಯಿತೇ ಎಂದು ಕೇಳಿದೆ. ತುಸು ಯೋಚಿಸಿ, ಇಲ್ಲವೆಂದರು.

ಅವರು ಬಿಟ್ಟದ್ದು ಸಣ್ಣ ಲಾಭವನ್ನಲ್ಲ. ಸ್ಕ್ಯಾಂಡಿನೇವಿಯಾದಲ್ಲಿ 4,444 ಹೃದ್ರೋಗಿಗಳ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿ ತೀರಿಕೊಂಡರೆ, ಅದೇ ಸ್ಟಾಟಿನ್ ಗುಂಪಿನ ಸಿಮ್ವಾಸ್ಟಾಟಿನ್ ಮಾತ್ರೆ ಪಡೆದವರಲ್ಲಿ 8 ಮಂದಿ. ಆದರೆ ಬಿಪಿ, ಸಕ್ಕರೆ, ಬೀಡಿ-ಸಿಗರೇಟು ಯಾವುದೂ ಇಲ್ಲದ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಅಲ್ಪಸ್ವಲ್ಪ ಏರಿರುವ ನಲವತ್ತರ ವ್ಯಕ್ತಿಗೆ ಇದೇ ಲೆಕ್ಕ ಹೊಂದುವುದಿಲ್ಲ. ಅಂಥವರು ಮೊದಲು ಆಹಾರ, ನಡಿಗೆಗಳನ್ನು ನೋಡೋಣವೆಂದರೆ ನಾನು ಒಪ್ಪುತ್ತೇನೆ.

ಇನ್ನು ನೋವಿನ ಮಾತು. 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾಂಸಖಂಡದ ನೋವು ಅಥವಾ ನಿಶ್ಶಕ್ತಿ ಹೇಳಿದವರು ಸ್ಟಾಟಿನ್ ಪಡೆದವರಲ್ಲಿ ನೂರಕ್ಕೆ 27.1, ಹುಸಿಮಾತ್ರೆಯವರಲ್ಲಿ 26.6. ನೋವು ಸುಳ್ಳಲ್ಲ, ಅದಕ್ಕೆ ಮಾತ್ರೆ ಕಾರಣವಾಗಿರುವುದು ಅಪರೂಪ ಎಂದಷ್ಟೇ ಇದರರ್ಥ. ಇಳಿಜಾರಿನ ತೋಟವನ್ನು ದಿನವಿಡೀ ಹತ್ತಿಳಿಯುವವರ ಮೀನಖಂಡಕ್ಕೆ ನೋಯಲು ಬೇರೆ ನೆಪ ಬೇಕಿಲ್ಲ. ಆದರೂ ಸಹಿಸಲಾಗದ ನೋವಿನೊಡನೆ ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಆ ದಿನವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ಜೊತೆ ಸೇರಿದಾಗ ಸ್ನಾಯುಗಳಿಗೆ ಇಂಥ ಹಾನಿಯಾಗುವ ಅಪಾಯ ಹೆಚ್ಚುವುದರಿಂದ, ಕೆಮ್ಮಿಗೆ ಔಷಧ ಬರೆಸಿಕೊಳ್ಳುವಾಗಲೂ ಈ ಮಾತ್ರೆಯ ಹೆಸರನ್ನು ಹೇಳಬೇಕು. ಈ ಮಾತ್ರೆಯಿಂದ ಸಕ್ಕರೆ ಕಾಯಿಲೆ ಬರುತ್ತದೆಂಬ ಭಯಕ್ಕೆ ಸ್ವಲ್ಪ ಆಧಾರವಿದೆ: 255 ಮಂದಿ ನಾಲ್ಕು ವರ್ಷ ಸ್ಟಾಟಿನ್ ತೆಗೆದುಕೊಂಡರೆ ಹೆಚ್ಚುವರಿಯಾಗಿ ಒಬ್ಬರಿಗೆ ಅದು ಬರುತ್ತದೆ, ಅದೂ ಬಹುಪಾಲು ಮೊದಲೇ ಅದರ ಅಂಚಿನಲ್ಲಿದ್ದವರಿಗೆ.

ರೈಟರ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕುಂದಿರುವುದು ಕಂಡಿತು. ಸ್ನಾಯುನೋವು, ಏರಿದ ಕೊಲೆಸ್ಟ್ರಾಲ್ ಎರಡನ್ನೂ ತರುವ ತೊಂದರೆಯದು. ಅದನ್ನು ಹಾಗೇ ಬಿಟ್ಟು ಸ್ಟಾಟಿನ್ ಕೊಟ್ಟರೆ ನೋವು ಹೆಚ್ಚುವುದೂ ಉಂಟು. ಮೊದಲ ಚೀಟಿಯ ದಿನವೇ ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ಬರೆಯಬೇಕಿತ್ತು, ಬರೆದಿರಲಿಲ್ಲ. ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಅದೇ ಅಟೊರ್ವಾಸ್ಟಾಟಿನ್ನನ್ನು 10 ಮಿಲಿಗ್ರಾಂನಿಂದ ಮತ್ತೆ ಶುರುಮಾಡಿ, ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತಿದ್ದೇವೆ.