ಬೆಂಗಳೂರಿಗೆ ಒಂದು ದಿನ: ಮೆಜೆಸ್ಟಿಕ್‌ನಲ್ಲೇ ಯಾಕೆ ಇಳಿಯಬೇಕು?

ಪ್ರಶ್ನೆ: "ಸಾರ್, ಮಕ್ಕಳಿಗೆ ರಜ ಬಂದಿದೆ. ಒಂದು ದಿನದ ಮಟ್ಟಿಗೆ ಬೆಂಗಳೂರು ತೋರಿಸಿಕೊಂಡು ಬರೋಣ ಅಂತಿದ್ದೀವಿ. ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಎಲ್ಲಿ ತಿನ್ನಬೇಕು, ಏನೇನು ನೋಡಬೇಕು ತಿಳಿಸಿ."

ಈ ಪ್ರಶ್ನೆ ಗುಬ್ಬಿಯಿಂದ ಬಂದಿದೆ, ಶಿರಾದಿಂದ ಬಂದಿದೆ, ಕೊರಟಗೆರೆಯಿಂದ ಬಂದಿದೆ. ಈ ಸಲ ತುಮಕೂರಿನ ಎಸ್.ಎಸ್. ಪುರಂನಿಂದ. ಒಬ್ಬರಿಗೆ ದೋಸೆ ಬೇಕು, ಒಬ್ಬರಿಗೆ ಬಿರಿಯಾನಿ ಬೇಕು, ಒಬ್ಬರಿಗೆ ಪಾರ್ಕ್ ಬೇಕು. ಆದರೆ ಎಲ್ಲರ ಪ್ರಶ್ನೆಯಲ್ಲೂ ಒಂದು ಮಾತು ಅಲುಗಾಡದೆ ಕೂತಿರುತ್ತದೆ: "ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ."

ದೋಸೆ ಆಮೇಲೆ. ಮೊದಲು ಇದನ್ನು ಇತ್ಯರ್ಥ ಮಾಡೋಣ. ಮೆಜೆಸ್ಟಿಕ್‌ನಲ್ಲಿ ಯಾಕೆ ಇಳಿಯುತ್ತೀರಿ?

ಕೇಳಿದರೆ ಉತ್ತರ ಒಂದೇ. "ಅಲ್ಲಿಂದಲೇ ಅಲ್ವಾ ಸಾರ್ ಎಲ್ಲಾ ಕಡೆಗೂ ಹೋಗೋದು?" ಹೌದು, ನಮ್ಮಪ್ಪನ ಕಾಲದಲ್ಲಿ ಹಾಗೇ ಇತ್ತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಕಟ್ಟಿದರು. ಎದುರಿಗೇ ರೈಲ್ವೆ ಸ್ಟೇಷನ್. ಹತ್ತಿರದಲ್ಲೇ ಇದ್ದ ಮೆಜೆಸ್ಟಿಕ್ ಥಿಯೇಟರ್‌ನ ಹೆಸರು ಇಡೀ ಜಾಗಕ್ಕೆ ಅಂಟಿಕೊಂಡಿತು. ಊರಿಂದ ಬಂದ ಬಸ್ ಅಲ್ಲಿ ನಿಲ್ಲುತ್ತಿತ್ತು, ಸಿಟಿ ಬಸ್ ಅಲ್ಲಿಂದ ಹೊರಡುತ್ತಿತ್ತು. ಜಯನಗರಕ್ಕೆ ಹೋಗಬೇಕಾದರೂ ಮೆಜೆಸ್ಟಿಕ್, ಯಲಹಂಕಕ್ಕೆ ಹೋಗಬೇಕಾದರೂ ಮೆಜೆಸ್ಟಿಕ್. ಬೇರೆ ದಾರಿ ಇರಲಿಲ್ಲ, ಆದ್ದರಿಂದ ಆ ಕಾಲದವರ ಲೆಕ್ಕ ಸರಿಯಾಗಿಯೇ ಇತ್ತು. ಕಾಲ ಹೋಯಿತು, ಲೆಕ್ಕ ಮಾತ್ರ ಮನೆಮನೆಯಲ್ಲಿ ಉಳಿದುಕೊಂಡಿತು.

ನಮ್ಮ ಊರಿನ ಸ್ಥಿತಿ ನೋಡಿ. ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್. ನಾವು ನಗರದೊಳಗೆ ಹೋಗುವುದು ವಾಯವ್ಯ ಮೂಲೆಯಿಂದ. ತುಮಕೂರು ರಸ್ತೆ ಅಂತ ನಮ್ಮ ಊರಿನ ಹೆಸರನ್ನೇ ಇಟ್ಟುಕೊಂಡ ರಸ್ತೆ ಅದು. ಆ ರಸ್ತೆಯ ಮೇಲೇ ಮೆಟ್ರೋದ ಹಸಿರು ಮಾರ್ಗ ಓಡುತ್ತದೆ. 2017ರ ಜೂನ್‌ನಿಂದ ನಾಗಸಂದ್ರದಲ್ಲಿ ಹತ್ತಿದವರು ರೈಲು ಬದಲಾಯಿಸದೆ ಜಯನಗರ, ಬನಶಂಕರಿ ದಾಟಿ ಯಲಚೇನಹಳ್ಳಿವರೆಗೆ ಹೋಗಬಹುದಾಯಿತು. 2024ರ ನವೆಂಬರ್‌ನಲ್ಲಿ ಅದೇ ಮಾರ್ಗ ನಮ್ಮ ಕಡೆಗೆ ಇನ್ನೂ ಮೂರು ಕಿಲೋಮೀಟರ್ ಬಂದು ಮಾದಾವರ ಮುಟ್ಟಿತು. ನಗರ ನಮ್ಮ ಕಡೆಗೆ ಕೈ ಚಾಚಿದೆ. ನಾವು ಆ ಕೈಯ ಪಕ್ಕದಲ್ಲೇ ಬಸ್ಸಿನೊಳಗೆ ಬೆವರುತ್ತಾ ಕೂತು, ಸಿಗ್ನಲ್ ಎಣಿಸುತ್ತಾ ಮೆಜೆಸ್ಟಿಕ್‌ಗೆ ಹೋಗುತ್ತೇವೆ.

ಇನ್ನೂ ತಮಾಷೆ ಏನು ಗೊತ್ತಾ? ನಿಮ್ಮ ಪಟ್ಟಿಯಲ್ಲಿ ಮೊದಲನೇ ಹೆಸರು ಮಲ್ಲೇಶ್ವರದ ಬೆಣ್ಣೆ ಮಸಾಲೆ. ತುಮಕೂರಿನ ಬಸ್ ಯಶವಂತಪುರ ಬಿಟ್ಟ ಮೇಲೆ ಮಲ್ಲೇಶ್ವರದ ಮಗ್ಗುಲಲ್ಲೇ ಹೋಗುತ್ತದೆ. ಅಲ್ಲಿ ಇಳಿಯದೆ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿ ಆಟೋದವರ ಹತ್ತಿರ ಚೌಕಾಸಿ ಮಾಡಿ, ಬಂದ ದಿಕ್ಕಿಗೇ ವಾಪಸ್ ಮಲ್ಲೇಶ್ವರಕ್ಕೆ ಬರುತ್ತೀರಿ. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಅಂದರೆ ಇದೇ.

"ರೈಲಲ್ಲಿ ಬಂದರೆ ಸಿಟಿ ಸ್ಟೇಷನ್ನೇ ಅಲ್ವಾ?" ಅಂತ ಕೆಲವರು. ಅಲ್ಲ. ಮಲ್ಲೇಶ್ವರಕ್ಕೆ ಅದರದ್ದೇ ರೈಲ್ವೆ ಸ್ಟೇಷನ್ ಇದೆ, ಅದೂ ನಮ್ಮ ತುಮಕೂರು ಲೈನಿನಲ್ಲೇ. ಪ್ಯಾಸೆಂಜರ್, ಮೆಮು ಗಾಡಿಗಳು ಅಲ್ಲಿ ನಿಲ್ಲುತ್ತವೆ. ಎಕ್ಸ್‌ಪ್ರೆಸ್‌ನಲ್ಲಿ ಬಂದರೆ ಯಶವಂತಪುರದಲ್ಲಿ ಇಳಿಯಿರಿ. ತುಮಕೂರು ರಸ್ತೆ ಕಡೆಯ ಬಾಗಿಲಿಂದ ಹೊರಗೆ ಬಂದರೆ ಮೆಟ್ರೋ ಅಲ್ಲೇ. ನನ್ನ ಮಾತು ನಂಬಬೇಡಿ, ಬೆಳಿಗ್ಗೆ ಪಾಸ್ ಇಟ್ಟುಕೊಂಡು ಓಡಾಡುವವರನ್ನು ನೋಡಿ. ಯಶವಂತಪುರ ಬರುವ ಮುಂಚೆಯೇ ಎದ್ದು ಬಾಗಿಲ ಹತ್ತಿರ ನಿಂತಿರುತ್ತಾರೆ. ಅವರಿಗೆ ಗೊತ್ತು.

ಬಸ್ಸಿನವರಿಗೆ ಒಂದೇ ಕಿವಿಮಾತು. ಹತ್ತುವಾಗಲೇ ಕಂಡಕ್ಟರ್‌ನ ಕೇಳಿ, "ಮೇಲಾ, ಕೆಳಗಾ?" ಅಂದರೆ ಪೀಣ್ಯ ಫ್ಲೈಓವರ್ ಮೇಲೆ ಹೋಗುತ್ತದಾ, ಕೆಳಗೆ ಹೋಗುತ್ತದಾ ಅಂತ. ಕೆಳಗೆ ಹೋದರೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಹತ್ತಿರವೇ ಮೆಟ್ರೋ ಹಿಡಿಯಬಹುದು. ಮೇಲೆ ಹೋದರೆ ಗೊರಗುಂಟೆಪಾಳ್ಯದವರೆಗೆ ಕೂತಿರಿ. ಅಲ್ಲೂ ಮೆಟ್ರೋ ಇದೆ. ಕಾರಿನವರು ನಾಗಸಂದ್ರ ಮೆಟ್ರೋ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟು ಆರಾಮಾಗಿ ಹೋಗಿ. ಗಾಂಧಿ ಬಜಾರಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟು ಹೊತ್ತಿಗೆ ಎರಡು ದೋಸೆ ತಿನ್ನಬಹುದು.

ಒಬ್ಬ ಅಕ್ಕ ಬರೆದಿದ್ದರು, "ನಮಗೆ ಬಸ್ ಫ್ರೀ, ಮೆಟ್ರೋಗೆ ಯಾಕೆ ದುಡ್ಡು ಕೊಡಬೇಕು?" ನ್ಯಾಯವಾದ ಮಾತು. ಮೆಟ್ರೋ ದರ 2025ರಲ್ಲಿ ಏರಿದ ಮೇಲಂತೂ ಮನೆಮಂದಿಯೆಲ್ಲ ಹೋದರೆ ಕೈ ಕಚ್ಚುತ್ತದೆ. ಆದರೆ ಶಕ್ತಿ ಯೋಜನೆ ಬಿಎಂಟಿಸಿ ಬಸ್ಸಿಗೂ ಇದೆಯಲ್ಲ. ಯಶವಂತಪುರದಲ್ಲಿ ಇಳಿದು ಸಿಟಿ ಬಸ್ ಹತ್ತಿ. ಆಧಾರ್ ತೋರಿಸಿದರೆ ಆಯಿತು. ಆಗಲೂ ಮೆಜೆಸ್ಟಿಕ್ ಬೇಕಾಗಿಲ್ಲ.

ಸರಿ, ಈಗ ಹೊಟ್ಟೆಯ ವಿಷಯ.

ಬೆಳಿಗ್ಗೆ ಮಲ್ಲೇಶ್ವರ. ಸಂಪಿಗೆ ರಸ್ತೆ ಮೆಟ್ರೋದಿಂದಲೋ ರೈಲ್ವೆ ಸ್ಟೇಷನ್ನಿಂದಲೋ ನಡೆದುಕೊಂಡೇ ಹೋಗಿ. 7ನೇ ಕ್ರಾಸ್‌ನಲ್ಲಿ ಸಿಟಿಆರ್. ಬೋರ್ಡಿನಲ್ಲಿ ಶ್ರೀ ಸಾಗರ್ ಅಂತ ಇದ್ದರೆ ಗಾಬರಿಯಾಗಬೇಡಿ, ಅದೇ. ಬೆಣ್ಣೆ ಮಸಾಲೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕಾಗಬಹುದು. ಮಕ್ಕಳು ಹಸಿವು ಅಂತ ರಾಗ ತೆಗೆದರೆ ಹತ್ತಿರದ 8ನೇ ಕ್ರಾಸ್‌ನ ಜನತಾ ಹೋಟೆಲ್‌ಗೆ ನುಗ್ಗಿ. ನನ್ನನ್ನು ಕೇಳಿದರೆ ಅದೂ ಏನು ಕಮ್ಮಿ ಇಲ್ಲ. ಹೂವಿನ ಅಂಗಡಿ ನೋಡುತ್ತಾ ಮೇಲೆ 15ನೇ ಕ್ರಾಸ್ ಕಡೆಗೆ ನಡೆದರೆ ಕಾಡು ಮಲ್ಲೇಶ್ವರ ದೇವಸ್ಥಾನ. ಶಿವಾಜಿಯ ಮಲತಮ್ಮ ವೆಂಕೋಜಿಯ ಕಾಲದ್ದು, 17ನೇ ಶತಮಾನ. ಎದುರಿಗೆ ನಂದಿ ತೀರ್ಥ. 1997ರಲ್ಲಿ ನೆಲ ಅಗೆದಾಗ ಇಡೀ ಕಲ್ಯಾಣಿಯೇ ಮೇಲೆ ಬಂತು. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುತ್ತದೆ. ಮಕ್ಕಳು ಅಲ್ಲಿಂದ ಬೇಗ ಏಳುವುದಿಲ್ಲ. ಅಲ್ಲೇ ಮಾರ್ಗೋಸಾ ರಸ್ತೆಯಲ್ಲಿ ವೀಣಾ ಸ್ಟೋರ್ಸ್. ಇಡ್ಲಿ, ಚಟ್ನಿ, ಕಾಫಿ, ಫುಟ್‌ಪಾತ್‌ನಲ್ಲಿ ನಿಂತುಕೊಂಡೇ. ಕೂರಲು ಜಾಗ ಕೇಳಬೇಡಿ, ಇಲ್ಲ.

ಇಲ್ಲಿಂದ ಮುಂದೆ ಮನೆಯವರ ಇಷ್ಟದ ಮೇಲೆ ದಾರಿ ಎರಡಾಗುತ್ತದೆ. ಮಕ್ಕಳು ಚಿಕ್ಕವರಾದರೆ ಕಬ್ಬನ್ ಪಾರ್ಕ್. ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಹೌದು, ಬದಲಾಯಿಸುವುದು ಮೆಜೆಸ್ಟಿಕ್‌ನಲ್ಲೇ. ನಗಬೇಡಿ. ನೆಲದಡಿಯಲ್ಲಿ ಒಂದು ರೈಲು ಇಳಿದು ಇನ್ನೊಂದು ಹತ್ತುವುದಷ್ಟೇ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಿಜ್ಞಾನ ಮ್ಯೂಸಿಯಂ ಒಂದಕ್ಕೇ ಮೂರು ಗಂಟೆ ಇಟ್ಟುಕೊಳ್ಳಿ. ಪುಸ್ತಕದ ಹುಚ್ಚಿರುವ ಮಕ್ಕಳಿದ್ದರೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್, ಬುಕ್‌ವರ್ಮ್. ಹಳೇ ಪುಸ್ತಕ ಅರ್ಧ ಬೆಲೆಗೆ ಸಿಗುತ್ತದೆ.

ನನ್ನ ಆಯ್ಕೆ ಮಾತ್ರ ಹಸಿರು ಮಾರ್ಗದಲ್ಲೇ ಮುಂದಕ್ಕೆ. ಲಾಲ್‌ಬಾಗ್ ಸ್ಟೇಷನ್‌ನಲ್ಲಿ ಇಳಿದು ಪಶ್ಚಿಮದ ಗೇಟಿನಿಂದ ಒಳಗೆ ಹೋಗಿ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, 240 ಎಕರೆ. ಕೆರೆ, ಗಾಜಿನ ಮನೆ, ಕೆಂಪೇಗೌಡರ ಗೋಪುರ ಇರುವ ಬಂಡೆ ಎಲ್ಲ ನೋಡಿಕೊಂಡು ಮುಖ್ಯ ಗೇಟಿನಿಂದ ಹೊರಗೆ ಬನ್ನಿ. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಮಕ್ಕಳಿಗೆ ಹೇಳಿ, ಒಂದು ನಿಮಿಷವಾದರೂ ಮೊಬೈಲ್ ಕೆಳಗಿಡುತ್ತಾರೆ. ಮುಖ್ಯ ಗೇಟಿನ ಹತ್ತಿರವೇ ಎಂಟಿಆರ್, 1924ರ ಹೋಟೆಲ್. ಮಧ್ಯಾಹ್ನದ ಊಟ ಅಲ್ಲಿ. ಹೊಟ್ಟೆ ಖಾಲಿ ಇದ್ದರೆ ಮಾತ್ರ ಕೂರಿ, ಬಡಿಸುವುದು ನಿಲ್ಲಿಸುವುದಿಲ್ಲ. ಬಾಡೂಟದವರಿಗೆ ಜಯನಗರ 8ನೇ ಬ್ಲಾಕ್‌ನ ಶಿವಾಜಿ ಮಿಲಿಟರಿ ಹೋಟೆಲ್. ದೊನ್ನೆ ಬಿರಿಯಾನಿ. ತಡ ಮಾಡಿ ಹೋದರೆ ಪಾತ್ರೆ ಖಾಲಿ.

ಸಂಜೆ ನ್ಯಾಷನಲ್ ಕಾಲೇಜ್ ಸ್ಟೇಷನ್. ಒಂದು ಕಡೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, 1943ರಿಂದ ಇದೆ. ಕೈ ಮೇಲೆ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಸಪ್ಲೈಯರ್ ಬರುವುದನ್ನು ನೋಡಲಿಕ್ಕೇ ಒಂದು ಸಲ ಹೋಗಬೇಕು. ಇನ್ನೊಂದು ಕಡೆ ವಿ.ವಿ. ಪುರಂನ ತಿಂಡಿ ಬೀದಿ. ಅದು ಸಂಜೆಯ ಬೀದಿ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ "ಏನೂ ಇಲ್ಲ ಸಾರ್, ಸುಮ್ನೆ ಹೊಗಳುತ್ತೀರಿ" ಅಂತ ನನಗೆ ಬೈಯಬೇಡಿ.

ರಜೆ ನೆನಪಿಡಿ: ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಸಿಟಿಆರ್, ವಿದ್ಯಾರ್ಥಿ ಭವನ ಎರಡೂ ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುತ್ತವೆ. ಅವು ತಿಂಡಿಯ ಹೋಟೆಲ್‌ಗಳು, ಊಟದ್ದಲ್ಲ. ಮೆಜೆಸ್ಟಿಕ್ ಸುತ್ತಿಕೊಂಡು ಹನ್ನೆರಡೂವರೆಗೆ ಬಂದವರಿಗೆ ಶಟರ್ ದರ್ಶನ ಆಗುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಒಪ್ಪುತ್ತೇನೆ. ವಾಪಸ್ ಬರುವಾಗ ಮೆಜೆಸ್ಟಿಕ್‌ಗೇ ಹೋಗಿ. ತುಮಕೂರಿನ ಬಸ್ ಹೊರಡುವುದು ಅಲ್ಲಿಂದ, ಸೀಟು ಸಿಗುವುದೂ ಅಲ್ಲಿ. ಭಾನುವಾರ ಸಂಜೆ ಗೊರಗುಂಟೆಪಾಳ್ಯದಲ್ಲಿ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಬಸ್ಸಿಗೆ ಕೈ ಅಡ್ಡ ಹಾಕಿದರೆ ದಾಬಸ್‌ಪೇಟೆವರೆಗೂ ನಿಂತೇ ಬರಬೇಕು. ಹೋಗುವಾಗ ಬೇಡ, ಬರುವಾಗ ಬೇಕು. ಇದರಲ್ಲಿ ಗೊಂದಲ ಏನಿದೆ?

ಇನ್ನು, ಇದೇ ಪತ್ರದ ಕೊನೆಗೆ ಸಣ್ಣಕ್ಷರದಲ್ಲಿ ಒಂದು ಸಾಲು ಇತ್ತು. "ಬೆಂಗಳೂರಲ್ಲಿ ಒಳ್ಳೆ ತಟ್ಟೆ ಇಡ್ಲಿ ಎಲ್ಲಿ ಸಿಗುತ್ತೆ?" ತುಮಕೂರಿನವರು ಕೇಳುವ ಪ್ರಶ್ನೆಯಾ ಇದು? ಕ್ಯಾತ್ಸಂದ್ರ ನಿಮ್ಮ ಮನೆಯಿಂದ ಆಟೋ ದೂರ. ಹೆದ್ದಾರಿಯಲ್ಲಿ ಹೋಗುವವರು ಇದಕ್ಕಾಗಿ ಗಾಡಿ ತಿರುಗಿಸಿ ಊರೊಳಗೆ ಬರುತ್ತಾರೆ. ಬಿಡದಿಯವರು ನಮ್ಮದೇ ಮೊದಲು ಅನ್ನುತ್ತಾರೆ, ಅನ್ನಲಿ. ಎಂಟಿಆರ್‌ನವರು ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಿದ್ದಾಗ ರವೆ ಇಡ್ಲಿ ಮಾಡಿದ್ದು ನಾವೇ ಅನ್ನುತ್ತಾರೆ. ಅವರ ಹೆಮ್ಮೆ ಅವರಿಗೆ, ನಮ್ಮದು ನಮಗೆ.

ತಟ್ಟೆ ಇಡ್ಲಿ ಬರೀ ದೊಡ್ಡ ಇಡ್ಲಿ ಅಂತ ತಿಳಿದವರೂ ಇದ್ದಾರೆ. ಅಂಚು ಗಿಡ್ಡಗಿರುವ ಅಗಲ ತಟ್ಟೆಯಲ್ಲಿ ಹಿಟ್ಟು ತೆಳ್ಳಗೆ ಹರಡಿಕೊಳ್ಳುತ್ತದೆ. ಅದಕ್ಕೇ ಹಬೆ ನಡುವಿನವರೆಗೂ ಬೇಗ ತಲುಪಿ ಒಂದೇ ಸಮ ಬೇಯುತ್ತದೆ. ಅಕ್ಕಿ ಉದ್ದಿನ ಜೊತೆ ನೆನೆಸಿದ ಅವಲಕ್ಕಿಯೋ ಸಬ್ಬಕ್ಕಿಯೋ ಸೇರಿಸಿ ರುಬ್ಬುತ್ತಾರೆ, ಮೆತ್ತಗಾಗುವುದು ಅದರಿಂದ. ಮೇಲೆ ಒಂದು ಉಂಡೆ ಬೆಣ್ಣೆ ಇಟ್ಟರೆ ಕರಗಿ ಒಳಗೆ ಇಳಿಯಬೇಕು. ಬೆಣ್ಣೆ ಕರಗದೆ ಹಾಗೇ ಕೂತಿದ್ದರೆ ಇಡ್ಲಿ ಆರಿದೆ ಅಂತ ಅರ್ಥ, ವಾಪಸ್ ಕೊಟ್ಟು ಬಿಸಿಯದ್ದು ಕೇಳಿ. ಬೆಳಗಿನ ಪ್ಯಾಸೆಂಜರ್ ಗಾಡಿ ಕ್ಯಾತ್ಸಂದ್ರದಲ್ಲೂ ನಿಲ್ಲುತ್ತದೆ. ತುಮಕೂರು ಸ್ಟೇಷನ್‌ಗೆ ಹೋಗುವ ಬದಲು ಅಲ್ಲಿಗೇ ಬೇಗ ಹೋಗಿ, ಒಂದೊಂದು ತಿಂದುಕೊಂಡು ರೈಲು ಹತ್ತಿ. ಒಂದೇ ಸಾಕು, ಎರಡು ತಿಂದರೆ ಮಲ್ಲೇಶ್ವರದಲ್ಲಿ ದೋಸೆಗೆ ಜಾಗ ಇರುವುದಿಲ್ಲ.